ಬೋಕಿ

ಮೂವತ್ತೊಂಬತ್ತು ವರ್ಷ ಬ್ರನೋದ ಟ್ರಾಮಿನಲ್ಲಿ
ಟಿಕೆಟ್ಟಿಲ್ಲದವರನ್ನು ಹಿಡಿದವನು ನೀನು, ಲುಬೋಶ್.
ನನ್ನ ತಮ್ಮ ವೀತನಿಗೂ ಬಿಡಲಿಲ್ಲ.
ದಂಡದ ರಸೀದಿಯನ್ನು
ನಮ್ಮ ಮದುವೆಯೂಟದ ದಿನ ಅವನ ತಟ್ಟೆಯ ಪಕ್ಕದಲ್ಲಿಟ್ಟೆ.

ಅಕ್ಟೋಬರದ ಮೊದಲ ವಾರ. ಅಗ್ಗದ ವಿಮಾನ, ತುರ್ಕಿಯ ಕಡಲು.
ಫಾಸೆಲಿಸ್: ಮೂರು ಬಂದರು,
ಒಂದರಲ್ಲೂ ಸುಂಕ ಕೇಳುವವರಿಲ್ಲ.
ಪೈನ್ ಮರದ ಬೇರು ಸ್ನಾನದ ಮನೆಯ ನೆಲವನ್ನು ಎತ್ತಿ ಹಿಡಿದಿತ್ತು,
ಹೊದಿಕೆಯಡಿ ಮೊಣಕಾಲು ಮಡಚಿ ಮಲಗಿದವರ ಹಾಗೆ.
ಬಿಸಿನೀರು ಹಾದ ಕಟ್ಟೆಯ ಮೇಲೊಂದು ಬೆಕ್ಕು
ಯಾರೋ ಒಲೆ ಹಚ್ಚುತ್ತಾರೆಂಬ ನಂಬಿಕೆಯಲ್ಲಿ ಕಾಲು ಚಾಚಿತ್ತು.

ಬಾಗಿಲಲ್ಲಿ ದಾಳಿಂಬೆ ಹಿಂಡುತ್ತಿದ್ದ ಸೆವ್ಕೆತ್ ಹೇಳಿದ:
"ನಮ್ಮಜ್ಜಿ ಆಡು ಕಟ್ಟುತ್ತಿದ್ದದ್ದು ಆ ಕಂಬಕ್ಕೇ,
ಈಗ ನೀವು ಫೋಟೋ ತೆಗೆದಿರಲ್ಲ, ಅದಕ್ಕೆ.
ಆಡಿಗೆ ರೋಮ್ ಗೊತ್ತಿಲ್ಲ, ನೆರಳು ಗೊತ್ತು."
ನಾನು ನಕ್ಕೆ. ನೀನು ನಗಲಿಲ್ಲ,
ಕಿವಿಯ ಯಂತ್ರದೊಳಗೆ ಬರೀ ಗಾಳಿಯಂತೆ.

ಏನನ್ನೂ ಎತ್ತಿಕೊಳ್ಳಬಾರದು ಅಂತ ಐದು ಭಾಷೆಯ ಫಲಕ.
ನೀನು ಐದನ್ನೂ ಓದಿದೆ,
ಬಾರದ ಮೂರನ್ನೂ.

ಮೂರು ವಾರ ಕಳೆದು ಯೆಸೆನಿಕಿಯ ಬರ್ಚ್ ಕಾಡು.
ಮದುವೆಯ ಮರುವರ್ಷ ಕೊಂಡ ಕಿತ್ತಳೆ ಡೇರೆ,
ಜಿಪ್ಪು ಕೆಟ್ಟಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು.
ಹುಳು ತೂತಿಟ್ಟ ಹಳದಿ ಎಲೆಯೊಂದನ್ನು ಬೆಳಕಿಗೆ ಹಿಡಿದು
"ಇದು ಸರಿಯಾಗಿದೆ, ಮುಂದೆ ಹೋಗಿ" ಅಂದೆ.
ನಿನ್ನ ತಮಾಷೆ ವರ್ಷಕ್ಕೆ ಒಂದು, ಅದೂ ಎಲೆಯುದುರುವಾಗ.

ಅಣಬೆ ಹೆಕ್ಕಿದ್ದು ನಾನು, ಎಣಿಸಿದ್ದು ನೀನು: ಇಪ್ಪತ್ತೆರಡು.
ಸಂಜೆಗೆ ಮಂಜು ಹನಿಯಾಗಿ, ಹನಿ ಮಳೆಯಾಗಿ
ನಿನ್ನ ಕೋಟು ತೊಯ್ದು ತೊಪ್ಪೆ.
ಬೆಂಕಿಗೆ ಹಿಡಿಯೋಣವೆಂದು ಜೇಬನ್ನು ಮಗುಚಿದರೆ
ಬಿತ್ತು, ಸಮುದ್ರ ನೆಕ್ಕಿ ನೆಕ್ಕಿ ಅಂಚು ಮೊಂಡಾದ
ಒಂದು ಬೋಕಿ.

"ಏನಿದು?"
ನೀನು ಕಿವಿಯ ಯಂತ್ರ ತೆಗೆದು ಟೊಪ್ಪಿಗೆಯಲ್ಲಿಟ್ಟೆ.
ನಾನು ಎದ್ದು ಬಂದು ಅದನ್ನು ಮತ್ತೆ ನಿನ್ನ ಕಿವಿಗೆ ಸಿಕ್ಕಿಸಿದೆ.
"ಏನಿದು ಅಂತ ಕೇಳಿದೆ."

"ಇಲ್ಲಿ ನೋಡು ಯಾರ್ಮಿಲಾ," ಅಂದೆ ಮೆಲ್ಲಗೆ.
ಹಸಿಮಣ್ಣಿಗೆ ಯಾರೋ ಒತ್ತಿದ ಹೆಬ್ಬೆಟ್ಟು,
ಹಿಡಿಕೆ ಕೂಡಿಸುವಾಗಲೋ, ಅಕ್ಷರ ಬಾರದವನ ರುಜುವೋ.
ನಿನ್ನ ಹೆಬ್ಬೆರಳು ಅದರಲ್ಲಿ ಅಲುಗದೆ ಕೂತಿತು.
"ನೀರಿನಂಚಿಗೆ ಬಿದ್ದಿತ್ತು. ಹೀಗೇ ಇಟ್ಟು ನೋಡಿದೆ.
ಆಮೇಲೆ ಬಿಡೋದು ಹೇಗೆ ಅಂತ ತಿಳಿಯಲಿಲ್ಲ."

ನೀನು ನನ್ನ ಕೈ ಹಿಡಿದು ಎಷ್ಟು ದಿನವಾಯಿತು
ಎಂದು ಲೆಕ್ಕ ಹಾಕಹೋಗಿ
ಒಲೆಗೆ ಇನ್ನೊಂದು ಕೊಳ್ಳಿ ಒಟ್ಟಿದೆ.

"ಇದಕ್ಕೆ ದಂಡ ಎಷ್ಟಾಗುತ್ತೆ?"
ನೀನು ನಿಜವಾಗಿಯೂ ಯೋಚಿಸಿದೆ. "ಒಂದೂವರೆ ಸಾವಿರ."
"ಸ್ಥಳದಲ್ಲೇ ಕಟ್ಟಿದರೆ?"
"ಎಂಟುನೂರು."
ಒದ್ದೆ ಪರ್ಸಿನಿಂದ ಒಂದೊಂದೇ ನೋಟು ಬಿಡಿಸಿ
ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ನೀನೇ ಮಡಚಿದೆ.
ರಸೀದಿ ಕೊಡು ಅನ್ನಲಿಲ್ಲ.
ಮಡಚಿದ ಕೈಯನ್ನು ಬಿಡಲೂ ಇಲ್ಲ, ಸ್ವಲ್ಪ ಹೊತ್ತು.

ಬೋಕಿ ಈಗ ಉಣ್ಣೆಯ ಕಾಲುಚೀಲದಲ್ಲಿದೆ.
ಸೋಮವಾರ ಅಂಚೆಗೆ ಹಾಕುವುದೆಂದು ತೀರ್ಮಾನ.
ನಮಗೆ ಗೊತ್ತಿರುವ ವಿಳಾಸ ಒಂದೇ:
ಸೆವ್ಕೆತ್, ದಾಳಿಂಬೆ ಗಾಡಿ, ಹಾಳೂರಿನ ಬಾಗಿಲು.
ಮುಟ್ಟುತ್ತದೋ ಇಲ್ಲವೋ.
ಅವನ ಬದಲು ಪೊಲೀಸರಿಗೆ ಮುಟ್ಟಿದರೆ?
ಮುಟ್ಟಲಿ ಅಂದೆ ನೀನು, ಬಾಯಿ ತುಂಬ ಅಣಬೆಯಿಟ್ಟುಕೊಂಡು.

ಮೂರನೆಯ ಬೆಳಿಗ್ಗೆ ಡೇರೆ ಕಿತ್ತಾಗ ಉಳಿದದ್ದು
ಚಪ್ಪಟೆ ಹುಲ್ಲಿನ ಒಂದು ಚೌಕ,
ನಾಲ್ಕು ಮೂಲೆಗೆ ಗೂಟದ ನಾಲ್ಕು ತೂತು.
ಎಡಕ್ಕೆ ನೀನು ಮಲಗಿದ ತಗ್ಗು, ಬಲಕ್ಕೆ ನನ್ನದು,
ನಡುವೆ ಕೆಟಲಿನ ಉರುಟು ಗುರುತು.
ಚೀಲ ಹೆಗಲಿಗೇರಿಸಿ ನೀನು
ಆ ಚೌಕವನ್ನು ತುಳಿಯದೆ ಸುತ್ತುಬಳಸಿ ಬಂದೆ.
ಫಲಕ ಯಾವುದೂ ಇರಲಿಲ್ಲ ಅಲ್ಲಿ.